‘ಕಸ್ಮಾತ್’ ಎಂದು ಕೇಳಿದವರು

ಸಂಸ್ಕೃತದಿಂದ ಕನ್ನಡಕ್ಕೆ ಬಂದು ಅಕ್ಷರ ಬಾರದವರ ನಾಲಗೆಯ ಮೇಲೂ ನೆಲೆನಿಂತ ಶಬ್ದಗಳಲ್ಲಿ ‘ಅಕಸ್ಮಾತ್’ ಎಂಬುದೊಂದು. ‘ಕಿಮ್’ ಶಬ್ದದ ಪಂಚಮೀ ವಿಭಕ್ತಿಯ ಏಕವಚನ ರೂಪ ‘ಕಸ್ಮಾತ್’. ಏತರಿಂದ, ಯಾವ ಕಾರಣದಿಂದ ಎಂದು ಅದರ ಅರ್ಥ. ಅದರ ಮೊದಲಿಗೆ ನಿಷೇಧಾರ್ಥದ ಅಕಾರ ಸೇರಿದಾಗ ‘ಯಾವ ಕಾರಣವೂ ಇಲ್ಲದೆ’ ಎಂಬರ್ಥದ ಅವ್ಯಯವಾಗುತ್ತದೆ. ಆಕಸ್ಮಿಕ ಎಂಬ ಪದ ಹುಟ್ಟಿದುದು ಇದರಿಂದಲೇ. ಮಗುವೊಂದು ನಾಲೆಗೆ ಬಿದ್ದು ಸತ್ತರೆ ಪತ್ರಿಕೆಯವರು ‘ಆಕಸ್ಮಿಕವಾಗಿ ಕಾಲುಜಾರಿ’ ಎಂದು ಬರೆಯುತ್ತಾರೆ. ನೆರೆಹೊರೆಯವರು ‘ಹಣೆಬರಹ’ ಎನ್ನುತ್ತಾರೆ. ಮುದುಕಿಯರು ‘ಗಂಗಮ್ಮ ಕರೆದುಕೊಂಡಳು’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಈ ಮೂರು ಮಾತುಗಳೂ ದುಃಖಿತರಿಗೆ ಸಮಾಧಾನ ತರುವುದಕ್ಕಾಗಿಯೇ ಹುಟ್ಟಿದವು, ನಿಜ. ಆದರೆ ಮೂರೂ ‘ಕಸ್ಮಾತ್’ ಎಂಬ ಪ್ರಶ್ನೆಯನ್ನು ಬಾಯಲ್ಲೇ ಅಡಗಿಸಿಬಿಡುತ್ತವೆ. ಆ ಪ್ರಶ್ನೆಯನ್ನು ಅಡಗಗೊಡದೆ, ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಕೇಳಿದ ಕೆಲವರು ಪ್ರಪಂಚದ ಬೇರೆ ಬೇರೆ ಕಡೆಗಳಲ್ಲಿ ಆಗಿಹೋಗಿದ್ದಾರೆ, ಈಗಲೂ ಇದ್ದಾರೆ. ಅವರ ಪರಿಶ್ರಮದ ಪರಿಚಯವೇ ಈ ಲೇಖನದ ಉದ್ದೇಶ.

ಮಂಡ್ಯ ಸೀಮೆಯವರಿಗೆ ಈ ವಿಷಯ ದೂರದ್ದಲ್ಲ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂಬ ಹೆಸರು ಪಡೆದು ಹರಿದ ಮೇಲೆ ರಾಗಿ ಹುರುಳಿಯ ನೆಲ ಭತ್ತ ಕಬ್ಬಿನ ನೆಲವಾಯಿತು. 1933ರಲ್ಲಿ ಸಕ್ಕರೆ ಕಂಪನಿ ಬಂದಿತು. ಹಿಂದೆ ಹಳ್ಳಿಯಾಗಿದ್ದು ಈಗ ಮಂಡ್ಯದ ಮಗ್ಗುಲಿಗೇ ಸೇರಿಹೋದ ಗುತ್ತಲಿನಿಂದ ಮದ್ದೂರು ಮಳವಳ್ಳಿಗಳ ಕಡೆಯ ಬಯಲಿನವರೆಗೆ, ನಾಲೆ, ಕಿರುಗಾಲುವೆ, ತೂಬು, ಕೆರೆ, ಗದ್ದೆಯಂಚಿನ ಗುಂಡಿ, ಹಟ್ಟಿಯ ಮುಂದಿನ ತೊಟ್ಟಿ ಎಂದು ನೀರು ಒಂದಲ್ಲ ಒಂದು ರೂಪದಲ್ಲಿ ಮನೆಯ ಸಮೀಪದಲ್ಲೇ ಇದೆ. ಅನ್ನವಿಟ್ಟ ನೀರನ್ನು ದೂರುವವರು ಯಾರೂ ಇಲ್ಲ. ಆದರೂ 2018ರ ನವೆಂಬರ್ 24ನೆಯ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮಡಿದುದನ್ನು ಜಿಲ್ಲೆ ಮರೆತಿಲ್ಲ. ಮಡಿದವರಲ್ಲಿ ಅರ್ಧದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥದು ದೇಶಕ್ಕೆಲ್ಲ ತಿಳಿಯಿತು. ಒಂದೊಂದಾಗಿ, ಸದ್ದಿಲ್ಲದೆ, ಗುಂಡಿಯಲ್ಲೋ ತೊಟ್ಟಿಯಲ್ಲೋ ಹೋದ ಎರಡು ಮೂರು ವರ್ಷದ ಕೂಸುಗಳ ಸಂಗತಿ ಊರ ಗಡಿಯನ್ನೂ ದಾಟುವುದಿಲ್ಲ. ಅನೇಕ ವೇಳೆ ಅದೇ ದಿನ ಮಣ್ಣು ಮಾಡಿಬಿಡುವುದರಿಂದ ಠಾಣೆಯ ದಾಖಲೆಗೂ ಬಾರದೆ ಹೋಗುವುದುಂಟು.

ಇಂಥ ಸಾವುಗಳಿಗೂ ಕಾಲರಾ ಮಲೇರಿಯಾಗಳಂತೆ ಕಾರಣಸರಣಿಯುಂಟೆಂದು ಶಾಸ್ತ್ರೀಯವಾಗಿ ಮೊದಲು ಪ್ರತಿಪಾದಿಸಿದವರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಗಾರ್ಡನ್ ಎಂಬವರು ಮುಖ್ಯರು. ಸಾಂಕ್ರಾಮಿಕ ರೋಗಗಳನ್ನು ಅಧ್ಯಯನ ಮಾಡುತ್ತಿದ್ದ ಅವರು 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರೋಗಕ್ಕೆ ಹೇಗೆ ರೋಗಿ, ರೋಗಾಣು, ಪರಿಸರ ಎಂಬ ಮೂರು ಕೂಡಬೇಕೋ ಹಾಗೆಯೇ ಗಾಯಕ್ಕೂ ಮೂರು ಕೂಡಬೇಕೆಂದು ತೋರಿಸಿದರು. ವಯಸ್ಸು, ಋತು, ದಿನದ ಹೊತ್ತು, ಸ್ಥಳ ಇವುಗಳನ್ನು ಲೆಕ್ಕಕ್ಕೆ ತಂದರೆ ‘ಆಕಸ್ಮಿಕ’ಗಳು ತಮಗೇ ಒಂದು ಕ್ರಮವಿರುವುದನ್ನು ಬಿಟ್ಟುಕೊಡುತ್ತವೆ. ಕ್ರಮವಿದ್ದೆಡೆ ತಡೆಯುವ ದಾರಿಯೂ ಇರಲೇಬೇಕಷ್ಟೆ.

ಆ ದಾರಿಯನ್ನು ವಿಸ್ತರಿಸಿದವರು ವಿಲಿಯಂ ಹ್ಯಾಡನ್ ಎಂಬ ವೈದ್ಯರು. 1966ರಲ್ಲಿ ಅಮೆರಿಕೆಯ ಸರಕಾರ ರಸ್ತೆ ಸುರಕ್ಷತೆಗಾಗಿ ಹೊಸದಾಗಿ ಸ್ಥಾಪಿಸಿದ ಇಲಾಖೆಗೆ ಅವರೇ ಮೊದಲ ಮುಖ್ಯಸ್ಥರು. 1970ರಲ್ಲಿ ಅವರು ಬರೆದ ಚಿಕ್ಕ ಪ್ರಬಂಧವೊಂದರ ಶೀರ್ಷಿಕೆಯಲ್ಲಿ ಬರುವುದು ತಪ್ಪಿಸಿಕೊಂಡ ಹುಲಿಗಳ ಮಾತು! ಕೇಳಿದರೆ ನಗು ಬರುತ್ತದೆ, ಓದಿದರೆ ಗಾಂಭೀರ್ಯ ತಿಳಿಯುತ್ತದೆ. ಹುಲಿ ಬೋನಿನಿಂದ ತಪ್ಪಿಸಿಕೊಂಡು ಒಬ್ಬನನ್ನು ಕೊಂದರೆ ‘ಅವನು ಎಚ್ಚರವಾಗಿರಬೇಕಿತ್ತು’ ಎಂದು ಯಾರೂ ಹೇಳುವುದಿಲ್ಲ. ಹುಲಿಯನ್ನು ಸಾಕದಿರಬಹುದಿತ್ತು, ಸಾಕಿದರೂ ಬಿಡದಿರಬಹುದಿತ್ತು, ಬಿಟ್ಟರೂ ಜನರಿಲ್ಲದ ವೇಳೆಯಲ್ಲಿ ಬಿಡಬಹುದಿತ್ತು, ನಡುವೆ ಬೇಲಿ ಹಾಕಬಹುದಿತ್ತು, ಉಗುರು ಕತ್ತರಿಸಬಹುದಿತ್ತು, ಗಾಯಗೊಂಡವನಿಗೆ ಬೇಗ ಚಿಕಿತ್ಸೆ ಮಾಡಬಹುದಿತ್ತು. ಹೀಗೆ ಹತ್ತು ಉಪಾಯಗಳನ್ನು ಹ್ಯಾಡನ್ನರು ಒಂದರ ಹಿಂದೊಂದು ಎಣಿಸುತ್ತಾರೆ. ಒಂದು ತಪ್ಪಿದರೆ ಇನ್ನೊಂದು ಕಾಯಬೇಕು.

ಹುಲಿಯ ಸ್ಥಾನದಲ್ಲಿ ನಾಲೆಯನ್ನಿಟ್ಟು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ನೀರು ಬೇಡವೆನ್ನುವಂತಿಲ್ಲ, ಮೊದಲ ಉಪಾಯ ಇಲ್ಲಿ ಸಲ್ಲದು. ಆದರೆ ಮಗು ಮತ್ತು ನೀರನ್ನು ಕಾಲದಿಂದ ಬೇರ್ಪಡಿಸಬಹುದು: ತಾಯಿ ನಾಟಿಗೆ ಹೋದ ಹೊತ್ತಿನಲ್ಲಿ ಮಗು ಇನ್ನೊಬ್ಬರ ಕಣ್ಣಿನಲ್ಲಿರುವಂತೆ ಮಾಡುವುದು. ದೇಶದಿಂದ ಬೇರ್ಪಡಿಸಬಹುದು: ತಡೆಗೋಡೆ, ಬಾವಿಯ ಕಟ್ಟೆ, ತೊಟ್ಟಿಯ ಮುಚ್ಚಳ, ಹಿತ್ತಲಿನ ಬಾಗಿಲಿಗೆ ಅಗುಳಿ. ಮಗುವನ್ನೇ ಬಲಪಡಿಸಬಹುದು: ಈಜು. ಕಡೆಯದಾಗಿ, ಮೇಲೆತ್ತಿದ ಮಗುವಿನ ಪ್ರಾಣ ಉಳಿಸಬಹುದು. ಈ ಕಡೆಯ ವಿಷಯದಲ್ಲಿ ಹಳ್ಳಿಗಳ ರೂಢಿ ತೀರ ತಪ್ಪು. ಮುಳುಗಿದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದರಿಂದಲೂ ಹೊಟ್ಟೆಯನ್ನು ಅಮುಕುವುದರಿಂದಲೂ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಹೊಟ್ಟೆಯಲ್ಲಿರುವುದು ಮರಳಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಮಗುವಿಗೆ ಬೇಕಾದುದು ಉಸಿರು. ಬಾಯಿಗೆ ಬಾಯಿಟ್ಟು ಗಾಳಿ ಊದುವುದು, ಎದೆಯನ್ನು ಒತ್ತುವುದು, ಇವೆರಡನ್ನೂ ನಿಲ್ಲಿಸದೆ ಮಾಡುತ್ತ ಆಸ್ಪತ್ರೆಗೆ ಸಾಗಿಸುವುದು ಸರಿಯಾದ ಕ್ರಮ. ಊರಿಗೆ ನಾಲ್ಕು ಜನ ಇದನ್ನು ಕೈಯಾರೆ ಕಲಿತಿದ್ದರೆ ಸಾಕು.

ಕೆನಡಾ ದೇಶದ ವಿಂಡ್ಸರ್ ನಗರದ ಮಕ್ಕಳ ವೈದ್ಯ ಹೆನ್ರಿ ಬ್ರೋ ಅವರ ಕಥೆ ಬೇರೆ ಬಗೆಯದು. ಅವರ ಆಸ್ಪತ್ರೆಗೆ ಮಾತ್ರೆಗಳನ್ನು ಮಿಠಾಯಿಯೆಂದು ನುಂಗಿದ ಮಕ್ಕಳು ವರ್ಷವೂ ನೂರುಗಟ್ಟಲೆ ಬರುತ್ತಿದ್ದರು. ತಾಯ್ತಂದೆಯರಿಗೆ ಉಪದೇಶ ಮಾಡಿ ಮಾಡಿ ಫಲ ಕಾಣದೆ, ಅವರು ಸ್ಥಳೀಯ ಯಂತ್ರೋಪಕರಣ ತಯಾರಕರೊಬ್ಬರ ನೆರವಿನಿಂದ 1967ರಲ್ಲಿ ಒಂದು ಮುಚ್ಚಳವನ್ನು ಬಳಕೆಗೆ ತಂದರು. ಅಂಗೈಯಿಂದ ಒತ್ತಿ ತಿರುಗಿಸಿದರೆ ಮಾತ್ರ ಅದು ತೆರೆಯುತ್ತದೆ. ಎರಡೂ ಕ್ರಿಯೆಗಳನ್ನು ಒಟ್ಟಿಗೆ ಮಾಡುವುದು ಎಳೆಮಕ್ಕಳಿಗೆ ಸಾಧ್ಯವಾಗದು. ಆ ಪ್ರದೇಶದಲ್ಲಿ ಮಕ್ಕಳು ವಿಷ ನುಂಗುವ ಪ್ರಕರಣಗಳು ನೂರಕ್ಕೆ ತೊಂಬತ್ತರಷ್ಟು ಇಳಿದವು. ಮದ್ದಿನ ಅಂಗಡಿಯ ಕೆಲವು ಸೀಸೆಗಳನ್ನು ಬಿಚ್ಚಲು ಹೆಣಗಾಡಿ ಬೈದುಕೊಳ್ಳುವ ಹಿರಿಯರು ಆ ವೈದ್ಯರನ್ನು ಒಮ್ಮೆ ನೆನೆಯಬಹುದು. ಇಲ್ಲಿ ಸೀಮೆಎಣ್ಣೆಯನ್ನೂ ಬೆಳೆಯ ಔಷಧವನ್ನೂ ಪಾನೀಯದ ಖಾಲಿ ಸೀಸೆಗಳಲ್ಲಿ ತುಂಬಿ ಗೂಡಿನಲ್ಲಿಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಬಾಯಾರಿದ ಮಗುವಿಗೆ ಸೀಸೆಯ ಆಕಾರ ಗೊತ್ತು, ಒಳಗಿನದು ಗೊತ್ತಿಲ್ಲ.

ನೀರಿನ ವಿಷಯದಲ್ಲಿ ಎಲ್ಲಕ್ಕಿಂತ ಮಿಗಿಲಾದ ಕೆಲಸ ನಡೆದಿರುವುದು ಬಾಂಗ್ಲಾದೇಶದಲ್ಲಿ. ಅದು ಬಡದೇಶ, ಭತ್ತದ ನಾಡು, ಮನೆ ಕಟ್ಟಲು ಮಣ್ಣು ತೆಗೆದ ಜಾಗವೆಲ್ಲ ಕೊಳವಾಗಿ ನಿಂತ ನಾಡು. ಆದುದರಿಂದ ಅಲ್ಲಿನ ಅನುಭವ ಮಂಡ್ಯಕ್ಕೆ ಅಮೆರಿಕೆಯ ಅನುಭವಕ್ಕಿಂತ ಹತ್ತಿರ. ಅಲ್ಲಿನ ಮತ್ಲಬ್ ಎಂಬ ಪ್ರದೇಶದಲ್ಲಿ ಕಾಲರಾ ಸಂಶೋಧನೆಗಾಗಿ 1960ರ ದಶಕದಿಂದಲೂ ಪ್ರತಿ ಹುಟ್ಟು ಸಾವನ್ನು ಬರೆದಿಡುವ ಪದ್ಧತಿ ಬೆಳೆದುಬಂದಿತ್ತು. ಆ ಲೆಕ್ಕದ ಪುಸ್ತಕಗಳಲ್ಲಿ ವಿಚಿತ್ರವೊಂದು ಗೋಚರಿಸಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿನಲ್ಲಿ 1980ರ ದಶಕದ ಆರಂಭದಲ್ಲಿ ಹತ್ತರಲ್ಲೊಂದರಷ್ಟು ನೀರಿನ ಪಾಲಾಗಿದ್ದರೆ, 2000ದ ವೇಳೆಗೆ ಅದು ಅರ್ಧದಷ್ಟಾಗಿತ್ತು. ಕೊಳಗಳು ಹೆಚ್ಚಿರಲಿಲ್ಲ. ಲಸಿಕೆಯೂ ಉಪ್ಪು ಸಕ್ಕರೆಯ ನೀರೂ ಬಂದು ದಡಾರ, ವಾಂತಿಭೇದಿಗಳ ಸಾವು ಇಳಿದಿತ್ತು. ಹಿಂದೆ ಆ ರಾಶಿಯ ಅಡಿಯಲ್ಲಿ ಹುದುಗಿದ್ದುದು ಈಗ ಮೇಲೆ ಕಾಣಿಸಿಕೊಂಡಿತ್ತು. ರೋಗದಿಂದ ಬದುಕಿಸಿದ ಮಗುವನ್ನು ಕೊಳಕ್ಕೆ ಒಪ್ಪಿಸಿದಂತಾಯಿತಲ್ಲ ಎಂಬ ಸಂಕಟದಿಂದಲೇ ಮುಂದಿನ ಸಂಶೋಧನೆ ಹುಟ್ಟಿತೆನ್ನಬಹುದು.

ಢಾಕಾದ ವೈದ್ಯರಾದ ಫಜ್ಲುರ್ ರಹಮಾನ್, ಅಮಿನುರ್ ರಹಮಾನ್ ಮತ್ತು ಅವರೊಡನೆ ದುಡಿದ ಅಮೆರಿಕೆಯ ಮೈಕೇಲ್ ಲಿನ್ನನ್ ಮುಂತಾದವರು 2003ರಲ್ಲಿ ದೇಶಾದ್ಯಂತ ಒಂದು ಸಮೀಕ್ಷೆ ನಡೆಸಿದರು. 1,70,000ಕ್ಕೂ ಹೆಚ್ಚು ಮನೆಗಳು, 8,00,000ಕ್ಕೂ ಹೆಚ್ಚು ಜನರು. ಆಸ್ಪತ್ರೆಯ ದಾಖಲೆಯನ್ನು ನಂಬದೆ, ಪೊಲೀಸರ ದಾಖಲೆಯನ್ನೂ ನಂಬದೆ, ಮನೆಯ ಬಾಗಿಲಿಗೇ ಹೋಗಿ ಕೇಳಿದ್ದರಿಂದ ಅವರಿಗೆ ನಿಜಸ್ಥಿತಿ ದೊರೆಯಿತು. ಒಂದರಿಂದ ಹದಿನೇಳು ವರ್ಷದೊಳಗಿನ ಸುಮಾರು 17,000 ಮಕ್ಕಳು ಆ ಒಂದು ದೇಶದಲ್ಲೇ ವರ್ಷಕ್ಕೆ ಮುಳುಗಿ ಸಾಯುತ್ತಿದ್ದರು. ಇಷ್ಟು ಸಾವಿಗೆ ಕಾರಣವಾದ ರೋಗವೊಂದಿದ್ದರೆ ಸರಕಾರಗಳು ನಿದ್ರೆ ಮಾಡುತ್ತಿರಲಿಲ್ಲ.

ಸಂಖ್ಯೆಗಿಂತಲೂ ಮುಖ್ಯವಾದುದು ಅದರೊಳಗಿನ ವಿವರ. ಅತಿ ಹೆಚ್ಚಾಗಿ ಸಾಯುತ್ತಿದ್ದವು ನಡೆಯಲು ಕಲಿತು ಅಪಾಯ ಅರಿಯದ, ಒಂದೆರಡು ವರ್ಷದ ಕೂಸುಗಳು. ಸ್ಥಳ, ದೂರದ ಹೊಳೆಯಲ್ಲ, ಮನೆಯಿಂದ ಕೂಗಳತೆಯಲ್ಲಿದ್ದ ಕೊಳ ಅಥವಾ ಗುಂಡಿ. ಹೊತ್ತು, ರಾತ್ರಿಯಲ್ಲ, ಮುಸ್ಸಂಜೆಯಲ್ಲ. ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರ ತನಕ. ಆ ವೇಳೆಯಲ್ಲಿ ತಂದೆ ಹೊಲದಲ್ಲಿ, ಹಿರಿಯ ಮಕ್ಕಳು ಶಾಲೆಯಲ್ಲಿ. ತಾಯಿ ಅಡುಗೆ, ನೀರು, ದನ, ಬಟ್ಟೆ ಎಂದು ನಾಲ್ಕು ಕೈಗಳ ಕೆಲಸವನ್ನು ಎರಡು ಕೈಗಳಲ್ಲಿ ಮಾಡುತ್ತಿರುತ್ತಾಳೆ. ಇಲ್ಲಿಗೆ ‘ಕಸ್ಮಾತ್’ ಎಂಬುದಕ್ಕೆ ಉತ್ತರ ದೊರೆತಂತಾಯಿತು. ಹಣೆಬರಹವೂ ಅಲ್ಲ, ತಾಯಿಯ ಅಜಾಗರೂಕತೆಯೂ ಅಲ್ಲ. ಮಗುವನ್ನು ಕಳೆದುಕೊಂಡವಳ ಮೇಲೆಯೇ ‘ನೋಡಿಕೊಳ್ಳಬಾರದಿತ್ತೆ’ ಎಂದು ತಪ್ಪು ಹೊರಿಸುವ ಕ್ರೌರ್ಯ ಎಲ್ಲ ಊರುಗಳಲ್ಲೂ ಇದೆ; ಈ ನಾಲ್ಕು ಗಂಟೆಗಳ ಲೆಕ್ಕ ಅಂಥ ಬಾಯಿಗಳನ್ನು ಮುಚ್ಚಿಸಬೇಕು.

ಉತ್ತರದಿಂದಲೇ ಪರಿಹಾರವೂ ಮೂಡಿತು. ಊರಿನ ಒಬ್ಬ ಹೆಣ್ಣುಮಗಳಿಗೆ ತರಬೇತಿ ಕೊಟ್ಟು, ಅವಳ ಮನೆಯಲ್ಲೇ ಇಪ್ಪತ್ತೈದರಷ್ಟು ಎಳೆಯ ಮಕ್ಕಳನ್ನು ಬೆಳಗಿನ ಒಂಬತ್ತರಿಂದ ಒಂದರವರೆಗೆ ಆಡಿಸಿ ಕಾಯುವ ಏರ್ಪಾಡು. ಅದಕ್ಕಿಟ್ಟ ಹೆಸರು ‘ಆಂಚಲ್’. ಸಂಸ್ಕೃತದ ‘ಅಂಚಲ’ವೇ ಬಂಗಾಳಿಯಲ್ಲಿ ಹಾಗಾಗಿದೆ, ಸೀರೆಯ ಸೆರಗು ಎಂದು ಅರ್ಥ. ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತನೂ ಇಡಲಾರ. ಈ ಪ್ರಯೋಗದ ಫಲವನ್ನು 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಸೆರಗಿನ ಆಶ್ರಯಕ್ಕೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಅಪಾಯ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಳಿದಿತ್ತು. ನಾಲ್ಕು ವರ್ಷ ದಾಟಿ ಕ್ರಮವಾಗಿ ಈಜು ಕಲಿತ ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು. ಮುಂದೆ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲಿ ಮನೆಯಲ್ಲೇ ಮಗುವನ್ನಿರಿಸಲು ಕಟಕಟೆಯಂಥ ಆವರಣಗಳನ್ನೂ ಕೊಟ್ಟು ನೋಡಿದರು. ಅದರಿಂದ ಅಷ್ಟು ಪ್ರಯೋಜನ ಕಾಣಲಿಲ್ಲ. ಮಗುವನ್ನು ಕಾದುದು ಕಟ್ಟಿಗೆಯಲ್ಲ, ಇನ್ನೊಬ್ಬ ಹೆಂಗಸಿನ ಕಣ್ಣು.

ಬಂಗಾಳದ ಇತ್ತ ಭಾಗದ ಸುಂದರಬನದಲ್ಲೂ ಇದೇ ಬಗೆಯ ಮನೆಮನೆಯ ಸಮೀಕ್ಷೆ ನಡೆದು, ಅಲ್ಲಿನ ಸ್ಥಿತಿಯೂ ಅಷ್ಟೇ ದಾರುಣವೆಂದು ತಿಳಿದುಬಂದಿದೆ. ಅದನ್ನು ಮುನ್ನಡೆಸಿದವರಲ್ಲಿ ಜಗನೂರ್ ಜಗನೂರ್ ಎಂಬ ಮಹಿಳಾ ಸಂಶೋಧಕಿ ಪ್ರಮುಖರು. ಕೇಂದ್ರ ಸರಕಾರದ ಆರೋಗ್ಯ ಮಂತ್ರಾಲಯ ಮುಳುಗುಸಾವಿನ ತಡೆಗಾಗಿ ರಾಷ್ಟ್ರೀಯ ಕಾರ್ಯಚೌಕಟ್ಟೊಂದನ್ನು ಹೊರತಂದುದು 2023ರ ಡಿಸೆಂಬರಿನಲ್ಲಿ.

ಕನ್ನಡನಾಡಿನಲ್ಲಿ ಗಾಯಗಳ ಲೆಕ್ಕವನ್ನು ಶಾಸ್ತ್ರವಾಗಿ ಬೆಳೆಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಅವರು. ಮನೋರೋಗ, ನರರೋಗಗಳ ಸಂಸ್ಥೆಗೂ ಅಪಘಾತಕ್ಕೂ ಏನು ಸಂಬಂಧವೆಂದು ಕೇಳಬಹುದು. ರಸ್ತೆಯಲ್ಲಿ ಬಿದ್ದು ತಲೆ ಒಡೆದುಕೊಂಡವರೆಲ್ಲ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೇ ಬರುತ್ತಿದ್ದರು. ಒಳಗೆ ಶಸ್ತ್ರವೈದ್ಯರು ಒಡೆದ ತಲೆಯನ್ನು ಕೂಡಿಸುತ್ತಿದ್ದರೆ, ಗುರುರಾಜರು ಹೊರಗೆ ನಿಂತು ಇವರೆಲ್ಲ ಎಲ್ಲಿ ಬಿದ್ದರು, ಯಾವ ವಾಹನದಿಂದ ಬಿದ್ದರು, ತಲೆಗೆ ಶಿರಸ್ತ್ರಾಣವಿತ್ತೆ, ಆಸ್ಪತ್ರೆ ಸೇರಲು ಎಷ್ಟು ಹೊತ್ತಾಯಿತು ಎಂದು ವಿಚಾರಿಸಿದರು. 2007ರಿಂದ ಬೆಂಗಳೂರಿನ ಅನೇಕ ಆಸ್ಪತ್ರೆಗಳನ್ನೂ ಪೊಲೀಸ್ ಇಲಾಖೆಯನ್ನೂ ಒಂದುಗೂಡಿಸಿ ಗಾಯಗಳನ್ನು ನಿರಂತರವಾಗಿ ದಾಖಲಿಸುವ ವ್ಯವಸ್ಥೆಯನ್ನು ರೂಪಿಸಿದರು. ಭಾರತದ ಮಕ್ಕಳ ಸುರಕ್ಷತೆಯನ್ನೇ ಕುರಿತು 2013ರಲ್ಲಿ ಅವರ ವರದಿ ಹೊರಬಂದಿತು. ಮಾಡಬೇಕಾದುದೇನೆಂದು ಬಹುಮಟ್ಟಿಗೆ ತಿಳಿದೇ ಇದೆ, ಮಾಡುವುದಷ್ಟೇ ಉಳಿದಿದೆ ಎಂಬುದು ಅದರ ಇಂಗಿತ. ದ್ವಿಚಕ್ರ ವಾಹನಗಳಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೂ ಶಿರಸ್ತ್ರಾಣ ಮತ್ತು ಸವಾರನಿಗೆ ಬಿಗಿಯುವ ರಕ್ಷಾಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು ಕೇಂದ್ರದ ನಿಯಮ ಬಂದುದು 2022ರಲ್ಲಿ. ಶಾಲೆ ಬಿಡುವ ವೇಳೆಯಲ್ಲಿ ಯಾವ ಬೀದಿಯಲ್ಲಾದರೂ ನಿಂತು ನೋಡಿದವರಿಗೆ ಆ ನಿಯಮದ ಪಾಡು ಗೊತ್ತಾಗುತ್ತದೆ.

ನಾಯಿಕಡಿತದ ವಿಷಯದಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಕೆ. ಸುದರ್ಶನ್ ಅವರನ್ನು ಹೆಸರಿಸಬೇಕು. ದೇಶದಲ್ಲಿ ವರ್ಷಕ್ಕೆ 20,565 ಮಂದಿ ಹುಚ್ಚುನಾಯಿ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಿದ, ಈ ಶತಮಾನದ ಆದಿಯ ರಾಷ್ಟ್ರೀಯ ಸಮೀಕ್ಷೆಗೆ ಅವರು ನಾಯಕರು. ಸತ್ತವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು. 2025ರಲ್ಲಿ ಪ್ರಕಟವಾದ ಮತ್ತೊಂದು ಸಮೀಕ್ಷೆ ಈ ಸಂಖ್ಯೆಯನ್ನು 5,726 ಎಂದಿದೆ. ವಿಧಾನಗಳು ಬೇರೆಯಾದುದರಿಂದ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲವಾದರೂ ಲಸಿಕೆಯ ಪ್ರಸಾರದಿಂದ ಒಳಿತಾಗಿರುವುದು ಖಂಡಿತ. ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದಷ್ಟನ್ನು ಇಲ್ಲಿ ಹೇಳಿ ಮುಂದುವರಿಯಬಹುದು.

ಕೊಳವೆಬಾವಿಯದು ಇನ್ನೊಂದು ಪಾಠ. ನೀರು ಬಾರದ ಕೊಳವೆಗಳನ್ನು ಬಾಯ್ದೆರೆದು ಬಿಟ್ಟುದರಿಂದ ಮಕ್ಕಳು ಬಿದ್ದ ಘಟನೆಗಳು ಮೇಲಿಂದ ಮೇಲೆ ನಡೆದಾಗ, ಸರ್ವೋಚ್ಚ ನ್ಯಾಯಾಲಯ 2010ರ ಫೆಬ್ರವರಿ 11ರಂದು ಸ್ಪಷ್ಟ ಸೂಚನೆಗಳನ್ನಿತ್ತಿತು: ಕೊರೆಯುವ ಹದಿನೈದು ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸುವುದು, ಸುತ್ತ ಬೇಲಿ, ಬಾಯಿಗೆ ಉಕ್ಕಿನ ಮುಚ್ಚಳ, ಕೈಬಿಟ್ಟ ಕೊಳವೆಯನ್ನು ಮಣ್ಣು ಕಲ್ಲುಗಳಿಂದ ನೆಲಮಟ್ಟದ ತನಕ ತುಂಬುವುದು. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಗೆ ಬಿದ್ದ ಎಳೆಯ ಮಗುವನ್ನು ಸುಮಾರು ಇಪ್ಪತ್ತು ಗಂಟೆಗಳ ಹೋರಾಟದಿಂದ ಜೀವಂತವಾಗಿ ಮೇಲೆತ್ತಿದಾಗ ನಾಡೇ ನಿಟ್ಟುಸಿರು ಬಿಟ್ಟಿತು. ಆ ಇಪ್ಪತ್ತು ಗಂಟೆಗಳ ಸಾಹಸವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಹ್ಯಾಡನ್ನರ ಎಣಿಕೆಯಲ್ಲಿ ಅದು ಕಟ್ಟಕಡೆಯ ಉಪಾಯ. ಮುಚ್ಚಳ ಹಾಕುವುದು ಅರ್ಧ ಗಂಟೆಯ ಕೆಲಸ, ಮತ್ತು ಅದಕ್ಕೆ ಚಪ್ಪಾಳೆಯಿಲ್ಲ.

ಲೆಕ್ಕ ಹಾಕಿದವರ ಶ್ರಮ ಇಷ್ಟರಲ್ಲೇ ಭಾಷೆಯನ್ನೂ ಮುಟ್ಟಿತ್ತು. ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯೊಂದು 2001ರಲ್ಲಿ ‘ಆಕಸ್ಮಿಕ’ ಎಂಬರ್ಥದ ಶಬ್ದವನ್ನು ತನ್ನ ಪುಟಗಳಿಂದ ಹೊರಗಿಡುವುದಾಗಿ ಸಾರಿತು. ತಡೆಯಬಹುದಾದುದನ್ನು ಆ ಹೆಸರಿನಿಂದ ಕರೆಯುವುದು ಸಲ್ಲದೆಂಬುದು ಸಂಪಾದಕರ ವಾದ. ಶಬ್ದವನ್ನು ಬಹಿಷ್ಕರಿಸುವುದು ವೈಯಾಕರಣರಿಗೆ ರುಚಿಸದ ಕೆಲಸ. ಆದರೂ ಹುಟ್ಟಿನೊಡನೆ ಬಂದ ಹಣೆಬರಹವನ್ನು ಒಪ್ಪದ ಶರಣರ ನಾಡಿನಲ್ಲಿ ಈ ವಾದ ಅಪರಿಚಿತವೆನಿಸಬೇಕಾದುದಿಲ್ಲ.

ಕರ್ನಾಟಕ ಸರಕಾರ 2023ರಲ್ಲಿ ‘ಕೂಸಿನ ಮನೆ’ ಎಂಬ ಯೋಜನೆಯನ್ನು ಸಾರಿ, ಉದ್ಯೋಗಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಮುಂದಾಯಿತು. ಅದರ ಆದೇಶಗಳಲ್ಲಿ ನಾಲೆಯ ಹೆಸರಿಲ್ಲದಿರಬಹುದು. ತಾಯಂದಿರ ದುಡಿಮೆಗೆ ಅನುಕೂಲವಾಗಲೆಂದು ಹೊರಟದ್ದದು. ಆದರೆ ಮತ್ಲಬಿನ ಲೆಕ್ಕವನ್ನು ತಿಳಿದವರಿಗೆ ಅದು ಮಂಡ್ಯದ ಪಾಲಿಗೆ ಎಂಥ ರಕ್ಷೆಯಾಗಬಲ್ಲದೆಂಬುದು ಹೊಳೆಯದಿರದು. ನಾಟಿ ಮತ್ತು ಕಟಾವಿನ ಕಾಲದಲ್ಲಿ, ಬೆಳಗಿನ ಒಂಬತ್ತಕ್ಕೆ ಮೊದಲೇ ಬಾಗಿಲು ತೆರೆದಿದ್ದರೆ ಅದೇ ಸೆರಗು. ದಾಖಲಾತಿಯ ಪಟ್ಟಿಯಲ್ಲಿ ಮಾತ್ರ ತೆರೆದಿದ್ದರೆ ಮಗು ಮತ್ತೆ ತೂಬಿನ ಬಳಿಯಲ್ಲೇ.

ಶಾಲೆಗೆ ಬರುವ ವಯಸ್ಸಿನ ಮಕ್ಕಳಿಗೆ ಉಳಿದಿರುವುದು ಈಜು. ಇದು ಈ ಸೀಮೆಗೆ ಹೊಸದೇನೂ ಅಲ್ಲ. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ತಂದೆಯೋ ಸೋದರಮಾವನೋ ಮೆಟ್ಟಿಲಬಾವಿಗಿಳಿಸಿ ಹುಡುಗರಿಗೆ ಈಜು ಕಲಿಸುತ್ತಿದ್ದ ಕಾಲವಿತ್ತು. ಹುಡುಗಿಯರಿಗೆ ಆಗಲೂ ಸಾಮಾನ್ಯವಾಗಿ ಆ ಭಾಗ್ಯವಿರಲಿಲ್ಲ. ಮೆಟ್ಟಿಲಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಹುಡುಗರಿಗೂ ತಪ್ಪಿತು. ನೀರು ಮಾತ್ರ ನಾಲೆಯಲ್ಲಿ ಮೊದಲಿನಂತೆಯೇ ಹರಿಯುತ್ತಿದೆ. ಬಾಂಗ್ಲಾದ ಹಳ್ಳಿಗಳಲ್ಲಿ ಇದಕ್ಕಾಗಿ ಕಲ್ಲಿನ ಈಜುಕೊಳ ಕಟ್ಟಲಿಲ್ಲ. ಊರ ಕೊಳದೊಳಗೇ ಬಿದಿರಿನ ಅಟ್ಟಣೆ ಇಳಿಬಿಟ್ಟು, ಮಗುವಿನ ಎದೆಮಟ್ಟದ ನೀರಿನಲ್ಲಿ, ತರಬೇತಿ ಪಡೆದ ಊರ ತರುಣ ತರುಣಿಯರೇ ಪಕ್ಕದಲ್ಲಿ ನಿಂತು, ಮೊದಲು ತೇಲುವುದನ್ನೂ ಆಮೇಲೆ ಈಸುವುದನ್ನೂ ಕಲಿಸಿದರು. ನಿಂತ ನೀರಾದುದರಿಂದ ಅದು ಸಾಧ್ಯವಾಯಿತು. ಸೆಳೆತವೂ ಪಾಚಿಗಟ್ಟಿದ ಇಳಿಜಾರಿನ ಪಕ್ಕಗಳೂ ಇರುವ ನಾಲೆ ಆ ಕಲಿಕೆಗೆ ತಕ್ಕ ಜಾಗವಲ್ಲ; ಹೂಳೆತ್ತಿ ಮೆಟ್ಟಿಲು ಸರಿಪಡಿಸಿದ ಕಲ್ಯಾಣಿಯೊಂದಿದ್ದರೆ, ಅಟ್ಟಣೆಗೆ ಬೇಕಾದ ಬಿದಿರು ಸಂತೆಯಲ್ಲೇ ದೊರೆಯುತ್ತದೆ.